ಪುಡಿ ಅಂಗಡಿಯ ಜಾಡಿನಲ್ಲಿ ಮೈಸೂರಿನ ಕಾಫಿ

ಕಾಫಿ ಬೆಳೆಯುವ ನಾಡಿಗೂ ಅದನ್ನು ಹುರಿದು ಕುಡಿಯುವ ಊರಿಗೂ ನಡುವೆ ಜಗತ್ತಿನ ಬಹಳಷ್ಟು ಕಡೆಗಳಲ್ಲಿ ಒಂದು ಸಮುದ್ರವಾದರೂ ಇರುತ್ತದೆ. ಮೈಸೂರಿನ ಮಟ್ಟಿಗೆ ಆ ಅಂತರ ಅರ್ಧ ದಿನದ ಬಸ್ ಪ್ರಯಾಣವನ್ನೂ ಮೀರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೂಲಕ ಸಾಗುವ ರಸ್ತೆ ಸುಮಾರು 120 ಕಿಲೋಮೀಟರಿಗೆ ಮಡಿಕೇರಿಯನ್ನು ಮುಟ್ಟುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದು, ಮತ್ತು ಅದನ್ನು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನಗಳು ಮೂರೂ ಈ ನಗರದ ನೆರೆಯಲ್ಲೇ ಇವೆ. ರಸ್ತೆಗಿಂತಲೂ ಹಳೆಯ ನಂಟು ನೀರಿನದು. ಕಾವೇರಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೊಡಗಿನಲ್ಲಿ ಹುಟ್ಟುತ್ತವೆ, ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಹಾಸನ ಜಿಲ್ಲೆಯ ಉದ್ದಕ್ಕೂ ಹರಿಯುತ್ತದೆ, ಮತ್ತು ಈ ಮೂರೂ ನೀರುಗಳು ಕೂಡಿಕೊಳ್ಳುವುದು ಕೃಷ್ಣರಾಜಸಾಗರದಲ್ಲಿ. ಕಾಫಿ ತೋಟಗಳ ಮೇಲೆ ಸುರಿದ ಮಳೆಯೇ ಕಾವೇರಿ ನೀರಾಗಿ ಮೈಸೂರಿನ ನಲ್ಲಿಗಳಿಗೆ ಬಂದು, ಅದೇ ತೋಟಗಳ ಬೀಜದ ಪುಡಿಯ ಮೇಲೆ ಬಿಸಿಯಾಗಿ ಬೀಳುವ ಈ ಸಂಗತಿಯನ್ನು ಲೋಟ ಎತ್ತುವವರು ನೆನೆಯಬೇಕಾದ ಅಗತ್ಯವೇನೂ ಇಲ್ಲ, ಆದರೆ ನೆನೆದರೆ ಆ ಲೋಟದ ತೂಕ ಸ್ವಲ್ಪ ಹೆಚ್ಚುತ್ತದೆ.

ವಿದೇಶದ ಕಾಫಿ ವ್ಯಾಪಾರದಲ್ಲಿ ಮೈಸೂರು ಎಂಬ ಹೆಸರಿಗೆ ಬಹು ಕಾಲದಿಂದ ಬೆಲೆಯಿದೆ. ಹಳೆಯ ಮೈಸೂರು ಸಂಸ್ಥಾನದ ತೋಟಗಳ ಕಾಫಿ ಅದೇ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು, ಮತ್ತು ಭಾರತದ ಅತ್ಯುತ್ತಮ ದರ್ಜೆಯ ದಪ್ಪ ಅರೇಬಿಕಾ ಬೀಜಕ್ಕೆ ಇವತ್ತಿಗೂ ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಎಂಬ ಹೆಸರೇ ಇದೆ. ಇಷ್ಟಿದ್ದರೂ ಈ ನಗರಕ್ಕೆ ಬಂದವರು ವಿಚಾರಿಸುವುದು ದೋಸೆಯನ್ನು. ನಜರ್‌ಬಾದಿನ ಮೈಲಾರಿ, ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮ್ ಮುಂತಾದ ಹೆಸರುಗಳು ಪ್ರವಾಸಿಗರ ಬಾಯಲ್ಲಿ ನಿಂತಿರುವುದು ತಿಂಡಿಯ ಕಾರಣಕ್ಕೆ. ಅಲ್ಲಿ ಕಾಫಿ ದೋಸೆಯ ಹಿಂದಿನಿಂದ ಬರುವ ಪೂರಕ ಪಾತ್ರ. ಕಾಫಿಯನ್ನೇ ಮುಖ್ಯ ಕಸುಬಾಗಿ ಇಟ್ಟುಕೊಂಡ ಸಣ್ಣ ಅಂಗಡಿಗಳು ಬಡಾವಣೆಗಳ ಒಳರಸ್ತೆಗಳಲ್ಲಿ, ಮಾರುಕಟ್ಟೆಯ ಅಂಚುಗಳಲ್ಲಿ, ದೇವಸ್ಥಾನಗಳ ಎದುರಿನ ಮೂಲೆಗಳಲ್ಲಿ ಹರಡಿಕೊಂಡಿದ್ದು, ಬೋರ್ಡೇ ಇಲ್ಲದ ಕಾರಣಕ್ಕೋ, ಇದ್ದ ಬೋರ್ಡು ಮಾಸಿ ಹೋದ ಕಾರಣಕ್ಕೋ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಇವುಗಳನ್ನು ಕಂಡುಕೊಳ್ಳಲು ಒಂದು ಖಚಿತವಾದ ದಾರಿಯಿದೆ: ಮೊದಲು ಬಡಾವಣೆಯ ಕಾಫಿ ಪುಡಿ ಅಂಗಡಿಯನ್ನು ಹುಡುಕಬೇಕು, ಆಮೇಲೆ ಅಲ್ಲಿಂದ ದಿನವೂ ಪುಡಿ ಒಯ್ಯುವ ಹೋಟೆಲನ್ನು ಹುಡುಕಬೇಕು. ಮೈಸೂರಿನ ಕಾಫಿಯ ರುಚಿ ಒಂದು ಸೂರಿನ ಅಡಿಯಲ್ಲಿ ತಯಾರಾಗುವುದಿಲ್ಲ. ಹುರಿದು ಬೀಸುವ ಕೈ ಒಂದು ಕಡೆ, ಡಿಕಾಕ್ಷನ್ ಇಳಿಸುವ ಕೈ ಇನ್ನೊಂದು ಕಡೆ ಇದ್ದು, ಒಂದೆರಡು ಬೀದಿಗಳ ಅಂತರದಲ್ಲಿ ನಡೆಯುವ ಜಂಟಿ ಕೆಲಸ ಅದು.

ಪುಡಿ ಅಂಗಡಿಯೆಂದರೆ ಸಾಮಾನ್ಯವಾಗಿ ಹತ್ತು ಅಡಿ ಅಗಲದ ಒಂದು ಮಳಿಗೆ. ಎದುರಿಗೆ ಗಾಜಿನ ಮುಚ್ಚಳದ ಡಬ್ಬಗಳಲ್ಲಿ ಹುರಿದ ಬೀಜ, ಒಂದರ ಬಣ್ಣ ಹುಣಸೆ ಬೀಜದ್ದು, ಮತ್ತೊಂದರದ್ದು ಅದಕ್ಕಿಂತ ಕಪ್ಪು. ಡಬ್ಬಗಳ ಮೇಲೆ ಪೀಬೆರಿ, ಪ್ಲಾಂಟೇಶನ್ ಎ, ರೋಬಸ್ಟಾ ಎಂದು ಚೀಟಿಗಳು. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಬೆನ್ನು ಉಬ್ಬಿದ, ಹೊಟ್ಟೆ ಚಪ್ಪಟೆಯಾದ ಎರಡು ಬೀಜಗಳು ಒಂದಕ್ಕೊಂದು ಮುಖ ಮಾಡಿ ಕೂತಿರುತ್ತವೆ, ಆದರೆ ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬಲಿತು ಬಟಾಣಿಯ ಹಾಗೆ ದುಂಡಗಾಗುತ್ತದೆ, ಅದೇ ಪೀಬೆರಿ. ದುಂಡಾಗಿರುವುದರಿಂದ ಅದು ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ ಎಲ್ಲ ಕಡೆಯೂ ಸಮನಾಗಿ ಹುರಿಯಲ್ಪಡುತ್ತದೆ ಎಂಬುದು ಕಸುಬಿನವರ ಮಾತು. ಪ್ಲಾಂಟೇಶನ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ಅರೇಬಿಕಾ, ಅದರ ಮುಂದಿನ ಎ ಎಂಬ ಅಕ್ಷರ ಬೀಜದ ಗಾತ್ರವನ್ನು ಹೇಳುತ್ತದೆ. ಹಣ್ಣನ್ನು ತೊಳೆಯದೆ ಇಡಿಯಾಗಿಯೇ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಅರೇಬಿಕಾ ಪರಿಮಳಕ್ಕೆ ಹೆಸರಾದ ಜಾತಿ. ರೋಬಸ್ಟಾ ಕಹಿಗೆ, ಗಟ್ಟಿತನಕ್ಕೆ, ನೊರೆಗೆ ಹೆಸರಾದದ್ದು, ಮತ್ತು ಅದರಲ್ಲಿ ಕೆಫೀನಿನ ಪ್ರಮಾಣ ಅರೇಬಿಕಾದಲ್ಲಿ ಇರುವುದರ ಸುಮಾರು ಎರಡರಷ್ಟು.

ಗಿರಾಕಿ ಕಾಲು ಕಿಲೋ ಕೇಳಿದಾಗ ಅಂಗಡಿಯವರು ಬೀಜವನ್ನು ತೂಗಿ ಯಂತ್ರದ ಬಾಯಿಗೆ ಸುರಿಯುತ್ತಾರೆ. ಸದ್ದು ಮೊದಲು ಒರಟಾಗಿ ಎದ್ದು, ಬೀಜ ನುರಿಯುತ್ತಾ ಹೋದಂತೆ ಸಣ್ಣಗಾಗಿ, ಕೊನೆಗೆ ಬರಿಯ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ; ಯಂತ್ರದ ಮೂತಿಗೆ ಕಟ್ಟಿದ ಬಟ್ಟೆಯ ತೋಳನ್ನು ಎರಡು ಸಲ ತಟ್ಟಿದಾಗ ಒಳಗೆ ಅಂಟಿಕೊಂಡಿದ್ದ ಪುಡಿ ತಟ್ಟೆಗೆ ಉದುರುತ್ತದೆ. ಆ ಪುಡಿ ಮುಟ್ಟಿದರೆ ಬೆಚ್ಚಗಿರುತ್ತದೆ. ಅದರ ಮೇಲೆ ಬೇರೆ ಡಬ್ಬದಿಂದ ಚಿಕೋರಿಯನ್ನು ತೂಗಿ ಹಾಕಿ, ಚಪ್ಪಟೆ ಸೌಟಿನಿಂದ ಮೇಲೆ ಕೆಳಗೆ ಮಾಡಿ ಬೆರೆಸಿ, ಕಾಗದದ ಪೊಟ್ಟಣಕ್ಕೆ ತುಂಬಿ, ಬಾಯಿ ಮಡಿಸಿ ಕೊಡುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಅಂಗಡಿಗಳಿಗೆ ಸುವಾಸನೆ ಮುಟ್ಟಿರುತ್ತದೆ. ಹುರಿದ ಕಾಫಿಯ ಪರಿಮಳದಲ್ಲಿ ಎಂಟುನೂರಕ್ಕೂ ಹೆಚ್ಚು ಆವಿಯಾಗುವ ರಾಸಾಯನಿಕಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ, ಮತ್ತು ಅವು ಆವಿಯಾಗಿ ಹೋಗುವಂಥವು ಎಂಬುದೇ ಪುಡಿ ಅಂಗಡಿಯ ಅಸ್ತಿತ್ವದ ಕಾರಣ. ಇಡೀ ಬೀಜ ವಾರಗಳ ಕಾಲ ತನ್ನ ಘಮವನ್ನು ಹಿಡಿದಿಟ್ಟುಕೊಳ್ಳಬಲ್ಲದು, ಬೀಸಿದ ಪುಡಿ ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ. ಹೀಗಾಗಿ ಹತ್ತಿರದಲ್ಲೇ ಒಂದು ಯಂತ್ರ ಇರುವ ಬಡಾವಣೆ ಅದೃಷ್ಟದ ಬಡಾವಣೆ, ಮತ್ತು ಒಮ್ಮೆಗೆ ನೂರು ಗ್ರಾಂ, ಇನ್ನೂರು ಗ್ರಾಂ ಮಾತ್ರ ಕೊಳ್ಳುವ ಹಳೆಯ ಕಾಲದ ಗೃಹಿಣಿಯರ ರೂಢಿಯನ್ನು ಬಡತನದ ಲೆಕ್ಕಾಚಾರವೆಂದು ತಿಳಿಯುವುದು ತಪ್ಪು. ಅದು ರುಚಿಯನ್ನು ಬಲ್ಲವರ ನಡವಳಿಕೆ.

ಚಿಕೋರಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಇದರಷ್ಟು ತಪ್ಪು ತಿಳಿವಳಿಕೆಗೆ ಒಳಗಾದ ವಸ್ತು ಕಾಫಿ ಲೋಕದಲ್ಲಿ ಮತ್ತೊಂದಿಲ್ಲ. ಇದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಒಂದು ಗಿಡದ ಗೆಡ್ಡೆಯಂಥ ಬೇರು. ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಬೇರನ್ನು ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಪೋಲಿಯನ್ ಬ್ರಿಟನ್ನಿನೊಡನೆ ವ್ಯಾಪಾರವನ್ನು ನಿರ್ಬಂಧಿಸಿದಾಗ ಕಾಫಿಯ ಕೊರತೆ ಎದುರಿಸಿದ ಫ್ರೆಂಚರು ಇದನ್ನು ವ್ಯಾಪಕವಾಗಿ ಬಳಸತೊಡಗಿದರು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅದು ಕೊಡುವುದು ಕಡು ಬಣ್ಣ, ಸುಟ್ಟ ಸಕ್ಕರೆಯಂಥ ಒಂದು ಸಿಹಿಗಹಿ, ಮತ್ತು ನಾಲಿಗೆಗೆ ಮೈ ತುಂಬಿದಂತೆ ತೋರುವ ಸಾಂದ್ರತೆ. ನೀರು ತಗುಲಿದಾಗ ಅದು ಉಬ್ಬಿ ಫಿಲ್ಟರಿನ ತೂತುಗಳ ಮೇಲೆ ಒತ್ತಿ ಕೂತು ಡಿಕಾಕ್ಷನ್ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ, ನಿಧಾನವಾಗಿ ಇಳಿದದ್ದು ಗಟ್ಟಿಯಾಗಿಯೂ ಇರುತ್ತದೆ. ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆ ಇರಬಾರದೆಂದೂ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಕಾಣಿಸಬೇಕೆಂದೂ ನಮ್ಮ ಆಹಾರ ನಿಯಮಗಳು ಹೇಳುತ್ತವೆ. ಎಂಬತ್ತಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಬೆರೆತ ಚಿಕೋರಿ ಹಾಲಿನ ಕಾಫಿಗೆ ಆಧಾರವಾಗಿ ನಿಲ್ಲುತ್ತದೆ. ಅರವತ್ತಕ್ಕೆ ನಲವತ್ತು ದಾಟಿದ ಮೇಲೆ ಲೋಟದಲ್ಲಿ ಬೇರಿನ ರುಚಿಯೇ ಮುಂದಾಗಿ ಕಾಫಿ ಹಿಂದೆ ಸರಿಯುತ್ತದೆ. ಕೆಲವು ಕಡೆ ಹಾಗೆ ದಾಟುವುದು ಬೆಲೆಯ ಒತ್ತಡದಿಂದ, ಮತ್ತು ನಾಲಿಗೆ ಅದನ್ನು ಮೊದಲ ಗುಟುಕಿನಲ್ಲೇ ಗುರುತಿಸುತ್ತದೆ.

ಪುಡಿ ಅಂಗಡಿಗಳು ತಮ್ಮ ತಮ್ಮ ಮಿಶ್ರಣವನ್ನು ಬೆಳೆಸಿಕೊಂಡ ಬಗೆಗೆ ಒಂದು ಇತಿಹಾಸವಿದೆ. 1942ರ ಕಾಫಿ ಕಾಯಿದೆಯ ನಂತರದ ಸುಮಾರು ಅರ್ಧ ಶತಮಾನದ ಕಾಲ ಬೆಳೆಗಾರರು ಮನೆಬಳಕೆಗೆ ಮತ್ತು ಬಿತ್ತನೆಗೆ ಬಿಟ್ಟು ಉಳಿದ ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿತ್ತು. ಎಲ್ಲರ ಬೆಳೆಯೂ ಒಂದೇ ಕಡೆ ಸೇರುವ ಈ ಏರ್ಪಾಟಿಗೆ ಪೂಲ್ ಪದ್ಧತಿ ಎಂದು ಹೆಸರು. ಮಂಡಳಿ ದರ್ಜೆಗಳ ಪ್ರಕಾರ ಹರಾಜು ನಡೆಸುತ್ತಿತ್ತು, ಹುರಿಯುವವರು ಹರಾಜಿನ ಕೊನೆಯಲ್ಲಿ ದೊರೆತ ಬೀಜವನ್ನು ಕೊಳ್ಳುತ್ತಿದ್ದರು, ಮತ್ತು ಬೀಜ ಯಾವ ತೋಟದ್ದೆಂದು ಗಿರಾಕಿಗೆ ತಿಳಿಯುವ ಮಾರ್ಗವೇ ಇರಲಿಲ್ಲ. ತೋಟದ ಹೆಸರು ಅಳಿಸಿಹೋದ ಕಡೆ ಅಂಗಡಿಯ ಹೆಸರು ಮುಖ್ಯವಾಯಿತು. ದರ್ಜೆಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು, ಎಷ್ಟು ಕಪ್ಪಾಗುವವರೆಗೆ ಹುರಿಯಬೇಕು ಎಂಬ ತಿಳಿವಳಿಕೆಯೇ ಅಂಗಡಿಯ ಆಸ್ತಿಯಾಗಿ, ತಂದೆಯಿಂದ ಮಗನಿಗೆ, ಮಾಲೀಕನಿಂದ ಹಳೆಯ ಕೆಲಸಗಾರನಿಗೆ ಬಾಯಿಮಾತಿನಲ್ಲಿ ದಾಟಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ನಿರ್ಬಂಧ 1996ರಲ್ಲಿ ಪೂರ್ಣವಾಗಿ ತೆರವಾಗಿ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದರು. ಅದೇ 1996ರಲ್ಲಿ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ. ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆಯನ್ನು ತೆರೆದದ್ದನ್ನು ಇದರ ಜೊತೆಗಿಟ್ಟು ನೋಡಿದರೆ, ತೋಟದಿಂದ ಲೋಟದವರೆಗಿನ ದಾರಿ ಆ ಹೊತ್ತಿನಲ್ಲಿ ಎಷ್ಟು ಬೇಗ ತೆರೆದುಕೊಂಡಿತೆಂಬುದು ತಿಳಿಯುತ್ತದೆ.

ಪುಡಿ ಎಷ್ಟು ಚೆನ್ನಾಗಿದ್ದರೂ ಅದು ಅರ್ಧ ಕಾಫಿ ಮಾತ್ರ. ಉಳಿದರ್ಧ ಸಣ್ಣ ಹೋಟೆಲಿನ ಒಲೆಯ ಪಕ್ಕದಲ್ಲಿ, ಡಿಕಾಕ್ಷನ್ ಇಳಿಸುವವರ ಕೈಯಲ್ಲಿದೆ. ಫಿಲ್ಟರ್ ಎಂದರೆ ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳು. ಮೇಲಿನದರ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ಪುಡಿಯನ್ನು ಹಾಕಿ, ಹಿಡಿಯುಳ್ಳ ತೂತಿನ ಬಿಲ್ಲೆಯಿಂದ ಒಂದೇ ಮಟ್ಟಕ್ಕೆ ಬರುವಂತೆ ಒತ್ತಬೇಕು. ಸಡಿಲವಾಗಿ ಬಿಟ್ಟರೆ ನೀರು ಓಡಿ ಹೋಗಿ ಡಿಕಾಕ್ಷನ್ ತಿಳಿಯಾಗುತ್ತದೆ, ಬಲವಾಗಿ ಒತ್ತಿದರೆ ನೀರು ಇಳಿಯದೆ ನಿಂತು ಪುಡಿ ಬೆಂದು ಒಗರಾಗುತ್ತದೆ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಕುದಿತ ಅಡಗುವಷ್ಟು ಹೊತ್ತು ಬಿಟ್ಟು, ನಡುವಿನಿಂದ ಸುತ್ತಲಿಗೆ ನಿಧಾನವಾಗಿ ಹುಯ್ಯಬೇಕು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಹನಿಹನಿಯಾಗಿ ಇಳಿಯುವ ಮೊದಲ ಡಿಕಾಕ್ಷನ್ನೇ ಬಂಗಾರ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ತೆಳ್ಳಗಿರುತ್ತದೆ, ಅದನ್ನು ಮೊದಲನೆಯದರೊಂದಿಗೆ ಅಳತೆಯರಿತು ಬೆರೆಸುವುದರಲ್ಲಿ ಹೋಟೆಲಿನ ಲಾಭನಷ್ಟವೂ ಮರ್ಯಾದೆಯೂ ಅಡಗಿವೆ. ಬಿಡುವಿಲ್ಲದ ಅಂಗಡಿಗಳು ದೊಡ್ಡ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರನ್ನೋ, ಕಬ್ಬಿಣದ ಬಳೆಗೆ ಹೊಲಿದ ಬಟ್ಟೆಯ ಜರಡಿಯನ್ನೋ ಬಳಸುತ್ತವೆ. ಇಳಿದ ಡಿಕಾಕ್ಷನ್ನನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ ಬೆಚ್ಚಗೆ ಇಡಬೇಕೇ ಹೊರತು ನೇರವಾಗಿ ಉರಿಯ ಮೇಲೆ ಇಟ್ಟು ಮತ್ತೆ ಕುದಿಸಬಾರದು, ಕುದಿಸಿದರೆ ಪರಿಮಳ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ.

ಒಳ್ಳೆಯ ಕಾಫಿ ಅಂಗಡಿಯ ಗುರುತನ್ನು ಹೊರಗೆ ನಿಂತೇ ಹಿಡಿಯಬಹುದು. ಅಲ್ಲಿ ಹಾಲು ಬೇರೆ ಒಲೆಯಲ್ಲಿ ಕಾಯುತ್ತಿರುತ್ತದೆ. ಕಾಫಿ ಮಾಡುವವರು ಲೋಟದ ತಳಕ್ಕೆ ಸಕ್ಕರೆ ಹಾಕಿ, ಅದರ ಮೇಲೆ ಒಂದು ಬೆರಳು ಅಗಲದಷ್ಟು ಡಿಕಾಕ್ಷನ್ ಬಿಟ್ಟು, ಹಾಲನ್ನು ಒಂದೂವರೆ ಅಡಿ ಎತ್ತರದಿಂದ ಸುರಿಯುತ್ತಾರೆ, ಸುರಿದ ವೇಗಕ್ಕೆ ಸಕ್ಕರೆ ತಾನಾಗಿ ಕರಗಿ ಮೇಲೆ ನೊರೆ ಕಟ್ಟುತ್ತದೆ, ಆ ನೊರೆಯ ನಡುವೆ ಕೊನೆಗೆ ಅರ್ಧ ಚಮಚ ಡಿಕಾಕ್ಷನ್ ಬೀಳುತ್ತದೆ. ಬಿಳಿಯ ನೊರೆಯಲ್ಲಿ ಅದು ಬಿಡಿಸುವ ಕಂದು ವೃತ್ತ ಬರಿಯ ಅಲಂಕಾರವಲ್ಲ, ಮೂಗಿಗೆ ಮೊದಲು ತಲುಪಬೇಕಾದದ್ದು ಹಾಲಿನ ವಾಸನೆಯಲ್ಲ, ಕಾಫಿಯದು ಎಂಬ ತಿಳಿವಳಿಕೆ ಅದರ ಹಿಂದಿದೆ. ಇಂಥ ಕಡೆಗಳಲ್ಲಿ ಕೇಳುವ ಭಾಷೆಯೂ ಚಿಕ್ಕದು, ಖಚಿತವಾದದ್ದು: ಗಟ್ಟಿಯಾಗಿ ಬೇಕಾದವರು ಸ್ಟ್ರಾಂಗ್ ಎನ್ನುತ್ತಾರೆ, ಸಕ್ಕರೆ ಬೇಡದವರು ವಿತೌಟ್ ಎನ್ನುತ್ತಾರೆ, ಒಂದನ್ನು ಇಬ್ಬರು ಹಂಚಿಕೊಳ್ಳುವವರು ಬೈಟು ಎನ್ನುತ್ತಾರೆ. ಒಂದು ಕಾಫಿಯನ್ನು ಎರಡಾಗಿ ಮಾಡುವ ಈ ಬೈಟು ಪದ್ಧತಿ ಕಾಸು ಉಳಿಸುವುದಕ್ಕೆ ಹುಟ್ಟಿರಬಹುದಾದರೂ, ದಿನಕ್ಕೆ ಆರು ಸಲ ಸ್ನೇಹಿತರೊಡನೆ ಅಂಗಡಿಯ ಮುಂದೆ ನಿಲ್ಲಲು ಅದು ಕೊಟ್ಟ ಅನುಕೂಲ ಸಣ್ಣದಲ್ಲ.

ನಗರದ ಭೂಪಟದಲ್ಲಿ ಕಾಫಿ ಎಲ್ಲ ಕಡೆಗೂ ಸಮನಾಗಿ ಹರಡಿಲ್ಲ. ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು ಮುಂತಾದ ಹಳೆಯ ಬಡಾವಣೆಗಳಲ್ಲಿ ಫಿಲ್ಟರ್ ಕಾಫಿಯ ಬೇರು ಆಳವಾಗಿದೆ. ಮಂಡಿ ಮೊಹಲ್ಲಾ, ಅಶೋಕ ರಸ್ತೆಯ ಕಡೆಗೆ ನಡೆದಂತೆ ಚಹಾದ ಅಂಗಡಿಗಳು ಹೆಚ್ಚುತ್ತಾ ಹೋಗುತ್ತವೆ. ಇದರ ಹಿಂದೆ ರುಚಿಯಷ್ಟೇ ಇಲ್ಲ, ಸಾಮಾಜಿಕ ಚರಿತ್ರೆಯೂ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಳೆಯ ಮೈಸೂರು ಸೀಮೆಯ ಎಷ್ಟೋ ಹೋಟೆಲುಗಳು ಬ್ರಾಹ್ಮಣರ ಕಾಫಿ ಹೋಟೆಲ್ ಎಂಬ ಫಲಕವನ್ನು ಹೊತ್ತಿದ್ದವು, ಒಳಗೆ ಕೂರುವ ಜಾಗವೂ ಜಾತಿಯ ಪ್ರಕಾರ ಬೇರೆಯಾಗುತ್ತಿತ್ತು, ಮತ್ತು ಹೊರಗೆ ನಿಂತು ಬೇರೆ ಲೋಟದಲ್ಲಿ ಕುಡಿಯಬೇಕಾದವರು ಆ ಕಾಫಿಯ ಘಮದೊಂದಿಗೆ ಅವಮಾನವನ್ನೂ ನುಂಗಬೇಕಾಗಿತ್ತು. ಇಂದು ನಿಂತು ಕುಡಿಯುವ ಅಂಗಡಿಯ ಮುಂದೆ ಆಟೋ ಚಾಲಕರೂ ಅರ್ಚಕರೂ ಹೂವಾಡಗಿತ್ತಿಯರೂ ಒಂದೇ ಕಟ್ಟೆಯ ಮೇಲೆ ಲೋಟ ಇಡುವುದನ್ನು ಕಾಣುವಾಗ ಆ ಹಳೆಯ ಫಲಕಗಳನ್ನು ಮರೆಯಬಾರದು; ಸಣ್ಣ ಕಾಫಿ ಅಂಗಡಿ ಗಳಿಸಿದ ದೊಡ್ಡ ಸಂಪಾದನೆ ಅದೇ.

ಹುಡುಕಾಟಕ್ಕೆ ಹೊರಡುವವರು ಬೆಳಗಿನ ಆರು ಗಂಟೆಗೆ ದೇವರಾಜ ಮಾರುಕಟ್ಟೆಯಿಂದ ಆರಂಭಿಸುವುದು ಒಳ್ಳೆಯದು. ಹೂವಿನ ಕುಕ್ಕೆಗಳು, ವೀಳ್ಯದೆಲೆಯ ಕಟ್ಟುಗಳು ಇಳಿಯುವ ಆ ಹೊತ್ತಿನಲ್ಲಿ ಮಾರುಕಟ್ಟೆಯ ಸುತ್ತಲ ಬೀದಿಗಳ ಕಾಫಿಗೆ ಗಿರಾಕಿಗಳೆಂದರೆ ಹಮಾಲಿಗಳು ಮತ್ತು ವ್ಯಾಪಾರಿಗಳು. ಅವರಿಗೆ ಬೇಕಾದದ್ದು ರೋಬಸ್ಟಾದ ಬಲವುಳ್ಳ, ಸಕ್ಕರೆ ಮುಂದಾದ, ಗಂಟಲು ಸುಡುವ ಕಾಫಿ. 2016ರಲ್ಲಿ ಈ ಶತಮಾನ ದಾಟಿದ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಅದನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆಯುತ್ತಲೇ ಬಂದಿದ್ದು, ಅದರ ನೆರಳಿನಲ್ಲಿ ಬದುಕುವ ಸಣ್ಣ ಅಂಗಡಿಗಳ ಭವಿಷ್ಯವೂ ಆ ವಾದಕ್ಕೇ ಗಂಟುಬಿದ್ದಿದೆ. ಅಲ್ಲಿಂದ ದಕ್ಷಿಣಕ್ಕೆ ನಡೆದು ನೂರೊಂದು ಗಣಪತಿ ದೇವಸ್ಥಾನದ ಸುತ್ತಲಿನ ಅಗ್ರಹಾರದ ಬೀದಿಗಳನ್ನು ಹೊಕ್ಕರೆ ಕಾಫಿಯ ಸ್ವಭಾವವೇ ಬದಲಾಗುತ್ತದೆ: ಲೋಟ ಚಿಕ್ಕದಾಗುತ್ತದೆ, ಪೀಬೆರಿಯ ಪಾಲು ಏರುತ್ತದೆ, ಸಕ್ಕರೆ ಇಳಿಯುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬಂದವರಿಗಾಗಿ ಸರಸ್ವತಿಪುರಂ ಕಡೆಯ ಅಂಗಡಿಗಳು ಬೇಗ ಬಾಗಿಲು ತೆರೆಯುತ್ತವೆ, ಅಲ್ಲಿ ವಿತೌಟ್ ಎಂಬ ಕೂಗು ಹೆಚ್ಚು ಕೇಳುತ್ತದೆ. ಕಾಫಿಯ ಗುಣದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧವನ್ನೇ ಬರೆದ ಆರ್. ಕೆ. ನಾರಾಯಣ್ ಅವರ ಯಾದವಗಿರಿಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ; ಅದನ್ನು ನೋಡಿ ಬರುವವರು ಹತ್ತಿರದ ಯಾವುದಾದರೂ ಮೂಲೆಯ ಹೋಟೆಲಿನಲ್ಲಿ ಒಂದು ಲೋಟ ಕುಡಿದರೆ ಆ ಭೇಟಿ ಪೂರ್ಣವಾದಂತೆ.

ನಗರದ ಗಡಿ ದಾಟಿ ಹುಣಸೂರು ರಸ್ತೆ ಹಿಡಿದರೆ ಇನ್ನೊಂದು ಬಗೆಯ ಕಾಫಿಯ ಸೀಮೆ ಆರಂಭವಾಗುತ್ತದೆ. ಕೊಡಗಿನ ಮತ್ತು ಮಲೆನಾಡಿನ ಮನೆಗಳಲ್ಲಿ ನಿತ್ಯವೂ ಕುಡಿಯುವ ಬೆಲ್ಲದ ಕಾಫಿಯಲ್ಲಿ ಹಾಲಿರುವುದಿಲ್ಲ. ಬೆಲ್ಲ ಕರಗಿಸಿದ ನೀರು ಕುದಿಯುವಾಗ ಪುಡಿ ಹಾಕಿ, ಮುಚ್ಚಿಟ್ಟು, ಗಸಿ ತಳಕ್ಕೆ ಇಳಿದ ಮೇಲೆ ಸೋಸಿದರೆ ಮುಗಿಯಿತು. ಹಾಲಿನ ಕಾಫಿಗೆ ಒಗ್ಗಿದ ನಾಲಿಗೆಗೆ ಮೊದಲು ತೆಳ್ಳಗೆ ಕಂಡರೂ, ಮಳೆಗಾಲದ ಸಂಜೆ ಅದರ ಸವಿ ಬೇರೆಯೇ. ರಸ್ತೆಬದಿಯ ಕೆಲವು ಅಂಗಡಿಗಳು ಇದನ್ನು ಕೇಳಿದವರಿಗೆ ಮಾಡಿಕೊಡುತ್ತವೆ, ಫಲಕದಲ್ಲಿ ಬರೆದಿರುವುದಿಲ್ಲವಾದ್ದರಿಂದ ಬಾಯಿಬಿಟ್ಟು ಕೇಳಬೇಕು.

ಗೋಕುಲಂ ಬಡಾವಣೆಯ ಕಥೆ ಬೇರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಶಾಲೆ ಲಕ್ಷ್ಮೀಪುರಂನಿಂದ ಅಲ್ಲಿಗೆ ಸ್ಥಳಾಂತರಗೊಂಡ ಮೇಲೆ ತಿಂಗಳುಗಟ್ಟಲೆ ನೆಲೆಸುವ ವಿದೇಶಿ ವಿದ್ಯಾರ್ಥಿಗಳಿಗಾಗಿ ಅಲ್ಲಿ ಕೆಫೆಗಳು ಹುಟ್ಟಿಕೊಂಡವು, ಮತ್ತು ಈಚಿನ ವರ್ಷಗಳಲ್ಲಿ ಅಂಥ ಕೆಫೆಗಳು ನಗರದ ಇತರ ಕಡೆಗೂ ಹಬ್ಬಿವೆ. ಇಲ್ಲಿ ಕೇಳಿಬರುವ ಮಾತು ಸ್ಪೆಷಾಲ್ಟಿ ಕಾಫಿ. ತರಬೇತಿ ಪಡೆದ ರುಚಿಪರೀಕ್ಷಕರು ನೂರಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟ ಕಾಫಿಗೆ ಈ ಹೆಸರು ಸಲ್ಲುತ್ತದೆ. ಭಾರತದಲ್ಲಿ ಈ ರುಚಿಪರೀಕ್ಷೆಯ ವಿದ್ಯೆಗೆ ಗೌರವ ತಂದವರಲ್ಲಿ ಕಾಫಿ ಮಂಡಳಿಯಲ್ಲಿ ಬಹುಕಾಲ ಗುಣಮಟ್ಟದ ವಿಭಾಗವನ್ನು ನಡೆಸಿದ ಸುನಾಲಿನಿ ಮೆನನ್ ಮುಖ್ಯರು. ಪೂಲ್ ಪದ್ಧತಿ ಅಳಿಸಿದ್ದ ತೋಟದ ಹೆಸರು ಇಲ್ಲಿ ಪೊಟ್ಟಣದ ಮೇಲೆ ಮರಳಿ ಬಂದಿದೆ, ಎತ್ತರ, ತಳಿ, ಒಣಗಿಸಿದ ಬಗೆ ಎಲ್ಲವನ್ನೂ ಅಲ್ಲಿ ಓದಬಹುದು, ಮತ್ತು ಬೆಳೆಗಾರ ಕುಟುಂಬಗಳ ಯುವಕ ಯುವತಿಯರು ತಮ್ಮದೇ ಬೀಜವನ್ನು ಹುರಿದು ಮಾರುವ ಧೈರ್ಯ ಮಾಡುತ್ತಿದ್ದಾರೆ. ಹದವಾಗಿ, ತೆಳುವಾಗಿ ಹುರಿದ ಈ ಕಾಫಿಯಲ್ಲಿ ಹುಳಿಯೂ ಹಣ್ಣಿನ ಛಾಯೆಯೂ ತೋರುತ್ತವೆ. ಹಾಲು ಬೆರೆಸಿದರೆ ಅವು ಮುಳುಗಿಹೋಗುತ್ತವೆ. ಇದು ಹಳೆಯ ಫಿಲ್ಟರ್ ಕಾಫಿಗೆ ವಿರೋಧಿಯೆಂದು ಬಗೆಯುವ ಅಗತ್ಯವಿಲ್ಲ. ಹಾಲಿಗಾಗಿ ಹುರಿದ ಕಾಫಿಯೂ ನೀರಿಗಾಗಿ ಹುರಿದ ಕಾಫಿಯೂ ಬೇರೆ ಬೇರೆ ಪಾನೀಯಗಳು, ಎರಡಕ್ಕೂ ಒಂದೇ ಅಳತೆಗೋಲು ಹಿಡಿದು ಒಂದನ್ನು ಹಳ್ಳಿಗಾಡಿನದೆಂದೋ ಇನ್ನೊಂದನ್ನು ಶೋಕಿಯೆಂದೋ ತಳ್ಳಿಹಾಕುವವರು ಎರಡು ಸುಖಗಳಲ್ಲಿ ಒಂದನ್ನು ಕಳೆದುಕೊಳ್ಳುತ್ತಾರೆ.

ಆದರೆ ಕಷ್ಟ ಬಂದಾಗ ಎರಡರ ಬೆನ್ನೂ ಒಂದೇ ರೀತಿ ಬಾಗುವುದಿಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟದ್ದರಿಂದ 2024ರಲ್ಲಿ ಏರತೊಡಗಿದ ಜಾಗತಿಕ ಕಾಫಿ ಬೆಲೆ 2025ರ ಆರಂಭದಲ್ಲಿ ಹಿಂದೆಂದೂ ಕಾಣದ ಮಟ್ಟ ಮುಟ್ಟಿತು. ಬೆಳೆಗಾರರಿಗೆ ಅದು ಬಹುಕಾಲದ ನಂತರ ಬಂದ ಒಳ್ಳೆಯ ದಿನ, ಮತ್ತು ಎಷ್ಟೋ ವರ್ಷ ನಷ್ಟ ಉಂಡ ಅವರು ಆ ಬೆಲೆಗೆ ಅರ್ಹರು. ಪುಡಿ ಅಂಗಡಿಯವರಿಗೆ ಅದೇ ಏರಿಕೆ ಇಕ್ಕಟ್ಟಾಯಿತು. ಕೆಫೆಯವರು ಬಟ್ಟಲಿನ ಬೆಲೆಗೆ ಇಪ್ಪತ್ತು ರೂಪಾಯಿ ಸೇರಿಸಿದರೆ ಗಿರಾಕಿ ಗಮನಿಸದೆ ಹೋಗಬಹುದು, ಬೈಟು ಕುಡಿಯುವವರ ಅಂಗಡಿಯಲ್ಲಿ ಎರಡು ರೂಪಾಯಿ ಏರಿದರೂ ಅದು ಬೀದಿಯ ಚರ್ಚೆಯ ವಿಷಯ. ಆಗ ಉಳಿಯುವ ಸುಲಭದ ದಾರಿಗಳೆಂದರೆ ಚಿಕೋರಿ ಹೆಚ್ಚಿಸುವುದು, ಎರಡನೆಯ ಡಿಕಾಕ್ಷನ್ನಿಗೆ ಮೂರನೆಯದನ್ನು ಬೆರೆಸುವುದು, ಅಥವಾ ಫಿಲ್ಟರನ್ನೇ ಕೈಬಿಟ್ಟು ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರವನ್ನು ತಂದು ನಿಲ್ಲಿಸುವುದು. ನೀರಿಗೆ ಹಾಕಿದೊಡನೆ ಕರಗುವ ಇನ್‌ಸ್ಟಂಟ್ ಕಾಫಿ ಮೈಸೂರಿಗೆ ದೂರದ ವಸ್ತುವೂ ಅಲ್ಲ. 1989ರಲ್ಲಿ ನಂಜನಗೂಡಿನಲ್ಲಿ ಆರಂಭವಾದ ನೆಸ್ಲೆ ಕಾರ್ಖಾನೆ ಅದನ್ನು ತಯಾರಿಸುತ್ತದೆ. ಡಿಕಾಕ್ಷನ್ನಿನ ನೀರನ್ನೆಲ್ಲ ಆವಿಯಾಗಿಸಿ ಪುಡಿಯನ್ನು ಉಳಿಸುವ ಈ ವಿಧಾನ ಕಚೇರಿಗಳಿಗೂ ಪ್ರಯಾಣಿಕರಿಗೂ ಉಪಕಾರಿಯೇ, ಆದರೆ ಬಡಾವಣೆಯ ಹೋಟೆಲು ಅದಕ್ಕೆ ಮೊರೆಹೋದ ದಿನ ಪುಡಿ ಅಂಗಡಿಯ ದಿನಗಿರಾಕಿಯೊಬ್ಬ ಕಡಿಮೆಯಾಗುತ್ತಾನೆ, ಅಂಥ ನಾಲ್ಕೈದು ಹೋಟೆಲುಗಳು ಕೈಬಿಟ್ಟರೆ ಪುಡಿ ಬೀಸುವ ಯಂತ್ರವಿರುವ ಬಾಡಿಗೆ ಮಳಿಗೆಯೂ ಖಾಲಿಯಾಗುತ್ತದೆ. ಎರಡು ಬೀದಿಗಳಲ್ಲಿ ನಡೆಯುವ ಜಂಟಿ ಕೆಲಸದಲ್ಲಿ ಒಂದು ಕೈ ಬಿಟ್ಟರೆ ಇನ್ನೊಂದು ಕೈಗೂ ಕೆಲಸವಿಲ್ಲ.

ಪುಡಿ ಅಂಗಡಿಯ ಮತ್ತೊಂದು ಬಂಡವಾಳ ನೆನಪು. ಹಳೆಯ ಅಂಗಡಿಗಳಲ್ಲಿ ಗಿರಾಕಿ ಮೆಟ್ಟಿಲು ಹತ್ತುತ್ತಿದ್ದಂತೆಯೇ ಯಾವ ಡಬ್ಬದ ಮುಚ್ಚಳ ತೆಗೆಯಬೇಕೆಂದು ತಕ್ಕಡಿಯ ಹಿಂದೆ ನಿಂತವರಿಗೆ ಗೊತ್ತಿರುತ್ತದೆ: ಈ ಮನೆಗೆ ಪೀಬೆರಿ ಮತ್ತು ಪ್ಲಾಂಟೇಶನ್ ಸಮಸಮ, ಆ ಮನೆಗೆ ರೋಬಸ್ಟಾ ಕಾಲುಭಾಗ, ಮೂಲೆಯ ಹೋಟೆಲಿಗೆ ಎಪ್ಪತ್ತಕ್ಕೆ ಮೂವತ್ತು, ವಯಸ್ಸಾದವರಿರುವ ಇನ್ನೊಂದು ಮನೆಗೆ ಚಿಕೋರಿಯೇ ಇಲ್ಲದ ಪ್ಯೂರ್. ಬರೆದಿಡದ ಈ ಲೆಕ್ಕ ಊರು ಬಿಟ್ಟವರನ್ನೂ ಬಿಡುವುದಿಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಮಕ್ಕಳು ರಜೆ ಮುಗಿಸಿ ಹೊರಡುವ ಹಿಂದಿನ ಸಂಜೆ ತಾಯಂದಿರು ಪುಡಿ ಅಂಗಡಿಗೆ ಬಂದು ನಿಲ್ಲುತ್ತಾರೆ, ಪೆಟ್ಟಿಗೆಯ ಬಟ್ಟೆಗಳಿಗೆ ವಾಸನೆ ಹತ್ತದಂತೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ ಕೊಡಿ ಎನ್ನುತ್ತಾರೆ, ಮತ್ತು ಪ್ರಮಾಣ ಎಷ್ಟೆಂದು ಯಾರೂ ಕೇಳುವುದಕ್ಕೆ ಮೊದಲೇ ಯಂತ್ರ ತಿರುಗತೊಡಗಿರುತ್ತದೆ.